ಹೊಂದದ ಕೊಳವೆ

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಮುಚ್ಚಿ, ಗಾಳಿಯಿಲ್ಲದೆ ಜ್ವಾಲೆ ಆರಿಹೋಗುವುದನ್ನು ಎಷ್ಟು ತಂಡದ ಮಕ್ಕಳಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ. ಅಂಥವನು ತನ್ನದೇ ಕಾರಿನ ಗಾಳಿಯ ಕೊಳವೆಯ ವಿಷಯದಲ್ಲಿ ಎಡವಿದ ಸಂಗತಿಯನ್ನು ಬರೆಯಲು ಸಂಕೋಚವಾಗುತ್ತದೆ. ವಿಷಯ ತಿಳಿಯದೆ ಎಡವಿದ್ದರೆ ಇಷ್ಟು ಸಂಕೋಚವಿರುತ್ತಿರಲಿಲ್ಲ. ತಿಳಿದೂ ಸುಮ್ಮನಿದ್ದೆ.

ನಮ್ಮದು ಗದಗ. 2017ರಲ್ಲಿ ನಿವೃತ್ತಿಯ ಹಣದಲ್ಲಿ ಒಂದು ಪೆಟ್ರೋಲ್ ಕಾರು ಕೊಂಡೆವು. ನಾನು ಅದನ್ನು ಹೂವಿನಂತೆ ನೋಡಿಕೊಂಡೆ ಎಂದು ನನ್ನ ಮಡದಿ ಕುಹಕವಾಡುವುದುಂಟು. ಮಗನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ 2022ರಲ್ಲಿ ಪುಣೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಮೊದಲ ಸಂಬಳದಲ್ಲಿ ತಾಯಿಗೆ ಇಳಕಲ್ ಸೀರೆ, ಅಕ್ಕನಿಗೆ ಬೆಳ್ಳಿಯ ಕಾಲ್ಗೆಜ್ಜೆ, ನನಗೊಂದು ಅಂಗಿ ಬಂದವು. ಅಂಗಿಯ ತೋಳು ಎರಡು ಬೆರಳು ಉದ್ದವಾಗಿತ್ತು. ಮಡಚಿಕೊಂಡು ತೊಟ್ಟೆ, ಸರಿಯಾಗಿದೆ ಎಂದೇ ತಿಳಿಸಿದೆ. ಆ ವರ್ಷದ ದೀಪಾವಳಿಗೆ ರಜೆ ಸಿಗಲಿಲ್ಲವೆಂದು ಅವನು ಬರಲಿಲ್ಲ. ಅವನ ಬದಲು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂದಿತು.

ಅದರೊಳಗೆ ಹೊಳೆಯುವ ಅಲ್ಯೂಮಿನಿಯಂ ಕೊಳವೆ, ಶಂಕುವಿನಾಕಾರದ ಕೆಂಪು ಫಿಲ್ಟರ್, ರಬ್ಬರಿನ ಎರಡು ತೋಳು, ನಾಲ್ಕೈದು ಕ್ಲಿಪ್ಪುಗಳು ಇದ್ದವು. ಕಾರು ತಯಾರಿಸಿದವರು ಕೊಟ್ಟ ಕಪ್ಪು ಪ್ಲಾಸ್ಟಿಕ್ಕಿನ ಫಿಲ್ಟರ್ ಡಬ್ಬಿಯನ್ನೂ ಅದರ ಸೊಟ್ಟ ಕೊಳವೆಯನ್ನೂ ತೆಗೆದು, ಆ ಜಾಗದಲ್ಲಿ ಇದನ್ನು ಕೂಡಿಸಬೇಕು. ಆಗ ಎಂಜಿನ್ನಿಗೆ ತಡೆಯಿಲ್ಲದೆ ಗಾಳಿ ದೊರೆತು ಶಕ್ತಿ ಹೆಚ್ಚುತ್ತದೆ ಎಂಬುದು ಮಾರುವವರ ವಾದ. ಮಗ ಫೋನಿನಲ್ಲಿ ಹಿಗ್ಗಿನಿಂದ ಹೇಳಿದ: “ಅಪ್ಪಾಜಿ, ಇನ್ನ ನಮ್ಮ ಗಾಡಿ ಎದಿ ತುಂಬ ಉಸಿರಾಡ್ತದ ನೋಡ್ರಿ.”

ಅವನ ಮಾತಿನಲ್ಲಿ ತಥ್ಯವಿಲ್ಲದೆ ಇರಲಿಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಸಾವಿರ ಲೀಟರಿಗೂ ಮಿಕ್ಕಿದ ಗಾಳಿ. ಗದಗಿನಿಂದ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ನಮ್ಮ ಕಾರು ಒಂದು ದೊಡ್ಡ ಕೋಣೆಯ ಗಾಳಿಯನ್ನು ಕುಡಿದಿರುತ್ತದೆ. ಆ ಗಾಳಿಯಾದರೂ ಎಂಥದು? ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸಿ, ಎರೆಹೊಲಗಳ ಹುಡಿಯನ್ನು ಹೊತ್ತು ಬರುವ ಗಾಳಿ. ನಮ್ಮ ಸೀಮೆಯಲ್ಲಿ ಬೆಳಗ್ಗೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಆ ಧೂಳಿನ ಮರಳಿನಂಶವು ಉಕ್ಕಿನ ಮೇಲೂ ಗೀರು ಎಳೆಯಬಲ್ಲದು. ಕಾಗದದ ಸಾಧಾರಣ ಫಿಲ್ಟರ್ ತಡೆಯುವುದು ಅದನ್ನೇ. ತಯಾರಕರ ಡಬ್ಬಿ ನೋಡಲು ಒಡ್ಡಾಗಿದ್ದರೂ, ಎಂಜಿನ್ನಿನ ಕಾವು ತಾಗದ ಮೂಲೆಯಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ, ಸದ್ದನ್ನು ಅಡಗಿಸುತ್ತದೆ, ಮುಚ್ಚಳದ ಸುತ್ತ ಕೂದಲೆಳೆಯಷ್ಟೂ ಸಂದು ಬಿಡುವುದಿಲ್ಲ.

ನಮಗೆ ಪರಿಚಿತನಾದ ಮೆಕ್ಯಾನಿಕ್ ಒಬ್ಬನಿದ್ದಾನೆ. ನನ್ನ ಹಳೆಯ ವಿದ್ಯಾರ್ಥಿ. ಪೆಟ್ಟಿಗೆಯನ್ನು ಅವನ ಬಳಿಗೆ ಒಯ್ದೆ. ಅವನು ಹಳೆಯ ಡಬ್ಬಿ ಬಿಚ್ಚಿ, ಹೊಸ ಕೊಳವೆಯನ್ನು ಹತ್ತು ನಿಮಿಷ ಆ ಕಡೆ ಈ ಕಡೆ ಹಿಡಿದು ನೋಡಿ, ಕೈ ಒರೆಸಿಕೊಂಡ. “ಸರ್, ಇದು ಈ ಗಾಡೀದಲ್ರಿ. ಹೆಸರು ಅದಽ ಇರಬೇಕು, ಆದ್ರ ಬ್ಯಾರೆ ವರ್ಷದ ಮಾಡೆಲ್ಲಿಂದು. ವಾಪಸ್ ಕಳಿಸಿಬಿಡ್ರಿ” ಎಂದ. ಮರಳಿಸಲು ಇನ್ನೂ ಐದು ದಿನಗಳ ಅವಧಿಯಿತ್ತು.

ನಾನು ಮರಳಿಸಲಿಲ್ಲ. ಮಗನ ಮೊದಮೊದಲ ದುಡಿಮೆಯ ಹಣ, ಅವನ ಓದಿನ ಮೇಲಿನ ಹೆಮ್ಮೆ ಎರಡೂ ಆ ಪೆಟ್ಟಿಗೆಯಲ್ಲಿದ್ದವು. ತಪ್ಪು ಮಾದರಿ ತರಿಸಿದ್ದೀ ಎಂದು ಎಂಜಿನಿಯರನಾದ ಮಗನಿಗೆ ಹೇಳಲು ನಾಲಿಗೆ ಏಳಲಿಲ್ಲ. ಹಳೆಯ ಡಬ್ಬಿಯನ್ನು ಕಾರಿನ ಹಿಂದಿಟ್ಟುಕೊಂಡು ಮನೆಗೆ ಬಂದು, ಎರಡು ದಿನ ಅಂಗಳದಲ್ಲಿ ನಾನೇ ಕುಳಿತೆ.

ಅಳತೆಪಟ್ಟಿಯಿಂದ ನೋಡಿದಾಗ ಹಳೆಯ ಕೊಳವೆಯ ಒಳವ್ಯಾಸ 60 ಮಿಲಿಮೀಟರ್, ಹೊಸದರದು 70. ಹತ್ತೇ ಮಿಲಿಮೀಟರ್ ಅಲ್ಲವೇ ಎನ್ನಬಹುದು. ಆದರೆ ಗಾಳಿ ಹರಿಯುವುದು ಬಾಯಿಯ ವಿಸ್ತೀರ್ಣದಲ್ಲಿ. 60ರ ವರ್ಗ 3600, 70ರ ವರ್ಗ 4900. ಮೂರನೆಯ ಒಂದು ಭಾಗಕ್ಕೂ ಮೀರಿ ಅಗಲವಾಯಿತು. ಈ ಕಾರಿನ ಕೊಳವೆಯೊಳಗೆ ಗಾಳಿಯನ್ನು ಅಳೆಯುವ ಒಂದು ಸೆನ್ಸರ್ ಇರುತ್ತದೆ. ಅದರಲ್ಲಿ ಸದಾ ಕಾದಿರುವ ಒಂದು ಸೂಕ್ಷ್ಮ ತಂತಿ. ಹರಿಯುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಎಷ್ಟು ಗಾಳಿ ಒಳಹೋಯಿತೆಂದು ಕಾರಿನ ಗಣಕವು ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಆ ಲೆಕ್ಕವೆಲ್ಲ 60 ಮಿಲಿಮೀಟರ್ ಕೊಳವೆಗೆ ಮಾಡಿಟ್ಟದ್ದು. ಕೊಳವೆ ಅಗಲವಾದರೆ ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ, ತಂತಿ ಕಡಿಮೆ ತಣಿಯುತ್ತದೆ, ಗಾಳಿ ಕಡಿಮೆ ಬಂದಿತೆಂದು ಗಣಕ ಮೋಸಹೋಗುತ್ತದೆ. ಇದೆಲ್ಲ ನನಗೆ ಅಂದೇ ಹೊಳೆದಿತ್ತು. ಒಂದು ಹಾಳೆಯ ಮೇಲೆ ಬರೆದೂ ನೋಡಿದ್ದೆ. ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಉಳಿದುದು ಮೊಂಡುತನದ ಕಥೆ. ಸೆನ್ಸರಿನ ಎರಡು ಸ್ಕ್ರೂಗಳಲ್ಲಿ ಒಂದು ಮಾತ್ರ ರಂಧ್ರಕ್ಕೆ ಕೂಡಿತು. ಇನ್ನೊಂದು ಬದಿಗೆ ಅಂಟು ಮೆತ್ತಿದೆ. ಆಧಾರಪಟ್ಟಿಯ ತೂತು ಸರಿಬಾರದೆ ಅರದಿಂದ ಉಜ್ಜಿ ಉದ್ದ ಮಾಡಿದೆ. ಎಂಜಿನ್ನಿನ ಹಬೆ ಮರಳಿ ಬರುವ ಸಣ್ಣ ಹೋಸು ಹೊಸ ಕೊಳವೆಯ ಮೂತಿಗೆ ಸಡಿಲವಾಯಿತು, ತಂತಿ ಬಿಗಿದೆ. ಫಿಲ್ಟರಿನ ತುದಿ ಬಾನೆಟ್ಟಿಗೆ ತಗಲುತ್ತಿತ್ತು, ಒತ್ತಿ ಮುಚ್ಚಿದೆ. ಎಲ್ಲಕ್ಕೂ ಮಿಗಿಲಾದ ಅವಿವೇಕ, ಕೊಳವೆಯು ಎಂಜಿನ್ನನ್ನು ಸೇರುವ ಥ್ರಾಟಲ್ ಬಾಡಿಯ ಬಾಯಲ್ಲಿ ನಡೆಯಿತು. ಅಲ್ಲಿ ರಬ್ಬರಿನ ತೋಳು ಸುತ್ತಲೂ ಮೂರು ಮಿಲಿಮೀಟರಿನಷ್ಟು ಸಡಿಲವಿತ್ತು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಮೂರು ಸುತ್ತು ಸುತ್ತಿ, ಮೇಲೆ ತೋಳು ಏರಿಸಿ, ಕ್ಲಿಪ್ಪಿನ ಸ್ಕ್ರೂವಿನ ಮರೆ ಸವೆಯುವ ತನಕ ಬಿಗಿದೆ.

ಸಂಜೆ ಮಗನ ಫೋನು ಬಂದಿತು. “ಅಪ್ಪಾಜಿ, ಬರೋಬ್ಬರಿ ಕೂತ್ತೇನ್ರಿ?”

“ಅಚ್ಚು ಹೊಯ್ದಂಗ ಕೂತೈತಿ ತಮ್ಮಾ” ಎಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಡದಿ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಕಾರಿನ ಸದ್ದು ಗಡುಸಾಯಿತು, ಅದು ನಿಜ. ಶಕ್ತಿ ಹೆಚ್ಚಿದಂತೆ ನನಗೆ ಕಾಣಲಿಲ್ಲ. ವಾರದೊಳಗೆ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಬೆಳಗ್ಗೆ ಚಾಲೂ ಮಾಡಿದರೆ ಒಂದೆರಡು ಸಲ ನಿಂತುಹೋಗುತ್ತಿತ್ತು. ನಿಂತಲ್ಲಿ ಓಡುವಾಗ ಶೀತಜ್ವರ ಬಂದವರಂತೆ ನಡುಗುತ್ತಿತ್ತು. ಹಳದಿ ದೀಪ ನೋಡಬಾರದೆಂದು ನಾನು ಆ ಮೂಲೆಗೆ ಒಂದು ಬಿಳಿ ಕಾಗದದ ಚೂರು ಅಂಟಿಸಿದೆ. ಓದುಗರು ನಗಬಹುದು, ನಾನು ಮಾತ್ರ ಅದನ್ನು ನೆನೆದರೆ ಇಂದಿಗೂ ನಗಲಾರೆ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. 2023ರ ಜನವರಿಯ ಒಂದು ರಾತ್ರಿ ಎಂಟರ ಸುಮಾರಿಗೆ ತಲೆನೋವು, ಕಣ್ಣು ಮಂಜಾಗುತ್ತಿದೆ ಎಂದಳು. ಊರಿನ ವೈದ್ಯೆ ಪರೀಕ್ಷಿಸಿ, ರಕ್ತದೊತ್ತಡ ಬಹಳ ಏರಿದೆ, ತಡಮಾಡದೆ ಹುಬ್ಬಳ್ಳಿಗೆ ಒಯ್ಯಿರಿ, ಆಂಬುಲೆನ್ಸಿಗೆ ಹೇಳಲೇ ಎಂದು ಕೇಳಿದರು. “ಬೇಡ, ನಮ್ಮದೇ ಕಾರಿದೆಯಲ್ಲ” ಎಂದವನು ನಾನು.

ಹುಲಕೋಟಿ ದಾಟಿತು. ಅಣ್ಣಿಗೇರಿಯೂ ದಾಟಿತು. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಮುಂದೆ ರಸ್ತೆಯ ಒಂದು ತಗ್ಗಿನಲ್ಲಿ ಕಾರು ಕುಕ್ಕರಿಸಿತು. ಬಾನೆಟ್ಟಿನೊಳಗೆ ‘ಫಟ್’ ಎಂಬ ಸಣ್ಣ ಸದ್ದಾಗಿ ಎಂಜಿನ್ ನಿಂತಿತು. ಕೀಲಿ ತಿರುಗಿಸಿದರೆ ಹೊತ್ತಿಕೊಂಡಂತೆ ಮಾಡಿ ಮತ್ತೆ ಆರುತ್ತಿತ್ತು. ಏನಾಗಿದೆ ಎಂದು ನನಗೆ ಬಾನೆಟ್ ಎತ್ತುವ ಮೊದಲೇ ಗೊತ್ತಿತ್ತು. ಕಾವಿಗೆ ಮೆತ್ತಗಾದ ಟ್ಯೂಬಿನ ಪಟ್ಟಿ ಜಾರಿ, ತೋಳು ಥ್ರಾಟಲ್ ಬಾಡಿಯಿಂದ ಕಳಚಿಕೊಂಡಿತ್ತು. ಎಂಜಿನ್ ಗಾಳಿಯನ್ನು ಎಳೆಯುತ್ತಿದೆ. ಆದರೆ ಆ ಗಾಳಿ ಸೆನ್ಸರನ್ನು ಹಾಯ್ದು ಬರುತ್ತಿಲ್ಲ. ಗಾಳಿಯೇ ಇಲ್ಲವೆಂದು ತಿಳಿದ ಗಣಕ ಪೆಟ್ರೋಲ್ ಬಿಡುತ್ತಿಲ್ಲ. ಲೋಟ ಮುಚ್ಚಿದ ಮೇಣದಬತ್ತಿ ನೆನಪಾಯಿತು. ಇಲ್ಲಿ ಗಾಳಿಯಿದ್ದೂ ಉರಿ ಆರುತ್ತಿತ್ತು. ತೋಳನ್ನು ಮತ್ತೆ ಏರಿಸಿದೆ. ಬಿಗಿಯಬೇಕಾದ ಕ್ಲಿಪ್ಪಿನ ಮರೆಯನ್ನು ನಾನೇ ಸವೆಸಿಟ್ಟಿದ್ದೆ. ಕೈಯಿಂದ ಹಿಡಿದು ನಿಂತರೆ ಕಾರು ನಡೆಸುವವರು ಯಾರು?

ಹಿಂದಿನ ಆಸನದಲ್ಲಿ ಮಗಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. “ಅಪ್ಪಾಜಿ, ಏನಾತ್ರಿ?” ಎಂದು ಒಂದೇ ಸಲ ಕೇಳಿದಳು. ನಾನು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದೆ. ಎರಡು ಲಾರಿಗಳು ನಿಲ್ಲದೆ ಹೋದವು. ಬಳಿಕ ಮದುವೆ ಮುಗಿಸಿಕೊಂಡು ಹುಬ್ಬಳ್ಳಿಗೆ ಮರಳುತ್ತಿದ್ದವರ ಒಂದು ಕ್ರೂಸರ್ ನಿಂತಿತು. ಒಳಗಿದ್ದ ಹೆಂಗಸರು ಒಂದು ಮಾತೂ ಕೇಳದೆ ಸರಿದು ಜಾಗ ಮಾಡಿದರು. ಗಂಡಸರು ನಾಲ್ವರು ಕೆಳಗಿಳಿದು, “ನಾವು ಹಿಂದಿನ ಗಾಡಿಗೆ ಬರ್ತೇವಿ, ನೀವು ನಡೀರಿ” ಎಂದು ಚಾಲಕನನ್ನು ಅವಸರಿಸಿದರು. ಅವರ ಹೆಸರನ್ನೂ ಕೇಳದೆ ಹೋದೆನಲ್ಲ ಎಂಬ ಕೊರಗು ಇಂದಿಗೂ ಇದೆ. ಮಡದಿಯನ್ನೂ ಮಗಳನ್ನೂ ಕೂರಿಸಿದ ಮೇಲೆ ನನಗೆ ಜಾಗ ಉಳಿಯಲಿಲ್ಲ.

ಆ ನಾಲ್ವರೂ ಹೋದ ಮೇಲೆ ಮೆಣಸಿನ ಹೊಲದ ಬದಿಯಲ್ಲಿ ನಾನೊಬ್ಬನೇ ಉಳಿದೆ. ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಮೊಬೈಲು ಹಿಡಿದ ಕೈ ಬೆವರುತ್ತಿತ್ತು. ರಾತ್ರಿ ಎರಡೂಕಾಲಿಗೆ ಮಡದಿಯ ಕರೆ ಬಂದಿತು. ಶಸ್ತ್ರಕ್ರಿಯೆ ಆಯಿತು, ಹೆಣ್ಣುಮಗು, ಇಬ್ಬರೂ ಕ್ಷೇಮ. ಮಾತು ಮುಗಿಸುವ ಮೊದಲು ಆಕೆ, “ಇನ್ನ ಅವನಿಗೆ ಖರೇ ಹೇಳ್ರಿ” ಎಂದಳು. ಮತ್ತೇನೂ ಅನ್ನಲಿಲ್ಲ.

ಬೆಳಗ್ಗೆ ಅಣ್ಣಿಗೇರಿಯಿಂದ ಬಂದ ಮೆಕ್ಯಾನಿಕ್ ಕೊಳವೆಯನ್ನು ತೆಗೆದು, ಥ್ರಾಟಲ್ ಬಾಡಿಯೊಳಗೆ ಬಿಳಿಯ ಬಟ್ಟೆ ಆಡಿಸಿ ನನಗೆ ತೋರಿಸಿದ. ಬಟ್ಟೆಗೆ ಎರೆಮಣ್ಣಿನ ನಯವಾದ ಕಪ್ಪು ಹುಡಿ ಅಂಟಿತ್ತು. ಸೈಕಲ್ ಟ್ಯೂಬಿನ ಸಂದಿನಿಂದ ಸುಮಾರು ಮೂರು ತಿಂಗಳು ಸೋಸದ ಗಾಳಿ ಒಳಗೆ ಹೋಗಿತ್ತು. ಆಮೇಲೆ ಗದಗಿನಲ್ಲಿ ಪರೀಕ್ಷಿಸಿದಾಗ ಒಂದು ಸಿಲಿಂಡರಿನ ಒತ್ತಡ ಉಳಿದವುಗಳಿಗಿಂತ ಕಡಿಮೆ ಬಂದಿತು. ಅಂದಿನಿಂದ ಕಾರು ಆಯಿಲ್ ಕುಡಿಯುತ್ತದೆ. ಎರಡು ಸರ್ವಿಸುಗಳ ನಡುವೆ ಅರ್ಧ ಲೀಟರ್ ಸುರಿಯಬೇಕು. ನನ್ನ ವಿದ್ಯಾರ್ಥಿ ಅದನ್ನು ನೋಡಿ ಏನೂ ಅನ್ನಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕೂಸನ್ನು ನೋಡಲು ಮಗ ಮೂರನೆಯ ದಿನ ಬಂದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು, ಜೇಬಿನ ಹಾಳೆಯನ್ನು ಅವನ ಕೈಗಿತ್ತೆ. ದೀಪಾವಳಿಯಲ್ಲಿ ಬರೆದ ವರ್ಗಗಳ ಲೆಕ್ಕ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಕಡೆಗೆ ಹೇಳಿದ: “ನನಗೂ ಸಂಶಯ ಇತ್ರಿ ಅಪ್ಪಾಜಿ. ತರಿಸಿದ ಮರುದಿನಽ ತಪ್ಪು ವರ್ಷದ್ದು ಅಂತ ಅನಿಸಿತ್ತು. ನಿಮ್ಮ ಮುಂದ ಒಪ್ಪಿಕೊಳ್ಳಾಕ ನಾಚಿಕಿ ಆತು. ನೀವು ಅಚ್ಚು ಹೊಯ್ದಂಗ ಕೂತೈತಿ ಅಂದಾಗ, ಹೋಗ್ಲಿ ಬಿಡು ಅಂತ ಸುಮ್ಮನಾದೆ.”

ನಾನು ಅವನ ಮಾನ ಕಾಯುತ್ತಿದ್ದೆನೆಂದುಕೊಂಡಿದ್ದೆ. ಅವನು ನನ್ನ ಎದುರು ತನ್ನದನ್ನು. ನಡುವೆ ಮಗಳು.

ಮುಂದಿನ ಭಾನುವಾರ ಹಳೆಯ ಡಬ್ಬಿಯನ್ನು ಹುಡುಕಿದೆವು. ಅಟ್ಟದ ಮೇಲೆ ಸಿಕ್ಕಿತು. ಮಡದಿ ಅದರಲ್ಲಿ ಬೆಳ್ಳುಳ್ಳಿ ತುಂಬಿಟ್ಟಿದ್ದಳು. ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಹೊಸ ಕಾಗದದ ಫಿಲ್ಟರ್ ಹಾಕಿ ಕೂಡಿಸಿದೆವು. ಅಂಟು ಬೇಡ, ಅರ ಬೇಡ. ನಾಲ್ಕು ಕೊಕ್ಕೆಗಳು ಒಂದೊಂದಾಗಿ ‘ಟಕ್’ ಎಂದು ಬಿದ್ದವು. ಎರಡು ದಿನಗಳ ಓಡಾಟದಲ್ಲಿ ಹಳದಿ ದೀಪ ತಾನೇ ಆರಿತು. ಕಾಗದದ ಚೂರನ್ನು ಮಗನೇ ಕಿತ್ತ.

ಕೈ ತೊಳೆಯುವಾಗ ಅವನು ನನ್ನ ಮೈಮೇಲಿನ ಅಂಗಿಯನ್ನು ನೋಡಿ, “ತೋಳು ಯಾಕ ಯಾವಾಗ್ಲೂ ಮಡಚ್ತೀರಿ?” ಎಂದು ಕೇಳಿದ.

“ಎರಡು ಬೆರಳು ಉದ್ದ ಐತಿ” ಎಂದೆ.

ಅವನು ನಗುತ್ತ ಅಳತೆಪಟ್ಟಿಯನ್ನು ತರಲು ಒಳಗೆ ಹೋದ.