ಮಗನ ಡೀಜೆ, ನನ್ನ ಕಿವಿ

ನಮ್ಮ ಸಣ್ಣ ಮಗ ಮದುವೆಮನೆಗಳಲ್ಲಿ ಡೀಜೆ ಹಾಕ್ತಾನೆ ಅಂತ ನಿಮಗೆಲ್ಲ ಗೊತ್ತೇ ಇದೆ. ಇವರಿಗೆ ಅದು ಕೆಲಸವೇ ಅಲ್ಲ. ಎರಡು ವರ್ಷದಿಂದ ಅಪ್ಪ ಮಗನ ನಡುವೆ "ಊಟ ಆಯ್ತಾ" ಬಿಟ್ಟರೆ ಬೇರೆ ಮಾತಿಲ್ಲ.

ಮೊನ್ನೆ ಜೋರು ಮಳೆ. ನಾನು ಅಕ್ಕಿರೊಟ್ಟಿ ಸುಡ್ತಿದ್ದೆ, ಅವನು ಜಗಲಿಯಲ್ಲಿ ಎರಡು ಹೌಸ್ ಹಾಡು ಜೋಡಿಸ್ತಿದ್ದ.

"ಮಗ, ಎರಡಕ್ಕೂ ಶ್ರುತಿ ಸೇರ್ತಿಲ್ಲವಲ್ಲ" ಅಂದೆ. ಭಜನೆ ಹಾಡಿದ ಕಿವಿ, ಸುಮ್ಮನಿರಲ್ಲ.

"ಅವ್ವ, ನಿಂಗೆ ಗೊತ್ತಾಯ್ತಾ!" ಅಂತ ಹೇಳಿಕೊಟ್ಟ. ಒಂದು ಹಾಡಿಗೆ ನಿಮಿಷಕ್ಕೆ 120 ಪೆಟ್ಟು, ಇನ್ನೊಂದಕ್ಕೆ 126. ಮೊದಲನೇದನ್ನು ನೂರಕ್ಕೆ 5ರಷ್ಟು ಓಡಿಸಿದರೆ ತಾಳ ಕೂಡುತ್ತೆ, ಆದರೆ ಶ್ರುತಿಯೂ ಹೆಚ್ಚುಕಮ್ಮಿ ಅರ್ಧ ಸ್ವರ ಮೇಲೇರುತ್ತೆ. ಕೀ ಲಾಕ್ ಗುಂಡಿ ಒತ್ತಿದರೆ ವೇಗ ಮಾತ್ರ ಬದಲಾಗುತ್ತೆ. ಅದನ್ನೇ ಮರೆತಿದ್ದ.

ಶ್ರುತಿಗಳಿಗೆ ಗಡಿಯಾರದ ಹಾಗೆ 1ರಿಂದ 12ರವರೆಗೆ ನಂಬರು, ಜೊತೆಗೆ ಎ ಅಥವಾ ಬಿ. 8ಎ ಹಾಡಿಗೆ 7ಎ, 9ಎ, 8ಬಿ ಹೊಂದುತ್ತವೆ. ಅಕ್ಕಪಕ್ಕದ ಮನೆಯವರಿದ್ದಂಗೆ ಅಂದ್ಕೊಂಡೆ.

ಪೇಪರ್ ಓದ್ತಿದ್ದ ಇವರು ತಲೆ ಎತ್ತದೇ ಕೇಳಿದ್ರು, "ನಮ್ಮ ವಾಲಗದ ಜೊತೆ ಇದು ಸೇರ್ತದಾ?"

"ಕಷ್ಟ ಅಪ್ಪ. ವಾಲಗದವರು ಕುಣಿಯೋರನ್ನ ನೋಡಿ ವೇಗ ಏರಿಸ್ತಾರೆ. ಮೆಷಿನ್ ಅದರಷ್ಟಕ್ಕೇ ಹೋಗ್ತದೆ. ನಾನೇ ಅವರ ಹಿಂದೆ ಹೋಗ್ತಾ ಇರಬೇಕು."

"ಹಂಗಾದ್ರೆ ಹೋಗು. ಇನ್ನೊಮ್ಮೆ ಹಾಕು, ಕೇಳುವ."

ನಾನು ಒಳಗೆ ಓಡಿದೆ. ಒಂದು ರೊಟ್ಟಿ ಸೀದು ಕರ್ರಗಾಗಿತ್ತು. ಆವತ್ತು ಬೇಜಾರೇ ಆಗಲಿಲ್ಲ ನೋಡಿ.