ಬಾದಾಮಿಯ ಸೂರಿನಲ್ಲಿ ಅಳಿಯುತ್ತಿರುವ ಬಣ್ಣ

ಮಾರ್ಕೋನಹಳ್ಳಿ ಜಲಾಶಯದಲ್ಲಿ ನೀರು ಮಟ್ಟ ಮೀರಿದರೆ ಗೇಟು ಎತ್ತುವವರ ದಾರಿ ಕಾಯಬೇಕಿಲ್ಲ. ಸೈಫನ್‌ಗಳು ತಾವಾಗಿಯೇ ಅದನ್ನು ಹೊರಹಾಕುತ್ತವೆ. ಇದನ್ನು ನೋಡಿ ಬೆಳೆದ ಕುಣಿಗಲ್ ಸೀಮೆಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ಬಾದಾಮಿಗೆ ಹೋದರೆ, ಯಾರ ಹತೋಟಿಗೂ ಸಿಗದ ನೀರಿನ ಕೆಲಸವನ್ನು ಅಲ್ಲಿ ಕಾಣಬಹುದು.

ಮೆಟ್ಟಿಲು ಹತ್ತಿ, ಕೋತಿಗಳಿಂದ ಬುತ್ತಿ ಉಳಿಸಿಕೊಂಡು ಮೂರನೇ ಗುಹೆ ತಲುಪಿದವರು ಸಾಮಾನ್ಯವಾಗಿ ವಿಷ್ಣುವಿನ ದೊಡ್ಡ ವಿಗ್ರಹಗಳ ಮುಂದೆ ಫೋಟೋ ತೆಗೆಸಿಕೊಂಡು ಮರಳುತ್ತಾರೆ. ತಲೆ ಎತ್ತಿ ಸೂರಿನ ಬಾಗಿದ ಒಳಮೈ ನೋಡುವವರು ಕಡಿಮೆ. ಚಾಲುಕ್ಯ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ ಈ ಗುಹೆಯಲ್ಲಿ ಒಂದು ಕಾಲಕ್ಕೆ ಬಣ್ಣದ ಚಿತ್ರಗಳಿದ್ದವು. ಈಗ ಉಳಿದಿರುವುದು ಮಸುಕಾದ ತುಣುಕುಗಳು.

ಮರಳುಗಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಮಳೆನೀರು ಅವುಗಳಲ್ಲಿ ಇಳಿಯುವಾಗ ಲವಣಗಳನ್ನೂ ಕರಗಿಸಿ ತರುತ್ತದೆ. ನೀರು ಆರಿದ ಮೇಲೆ ಲವಣ ಹರಳುಗಟ್ಟಿ, ಮೇಲಿನ ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಗಾರೆಯೊಂದಿಗೆ ಬಣ್ಣವೂ ಉದುರುತ್ತದೆ. ಉಪ್ಪುನೀರಿನ ತಟ್ಟೆಯಲ್ಲಿ ಒಂದು ಇಟ್ಟಿಗೆ ನಿಲ್ಲಿಸಿ ಕೆಲವು ದಿನ ಬಿಟ್ಟರೆ ಮೇಲ್ಭಾಗದಲ್ಲಿ ಬಿಳಿ ಹುಡಿ ಮೂಡುವುದನ್ನು ಮಕ್ಕಳು ಮನೆಯಲ್ಲೇ ನೋಡಬಹುದು.

ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಆಸ್ಟ್ರಿಯಾ ಮೂಲದ ವಿದುಷಿ ಸ್ಟೆಲ್ಲಾ ಕ್ರಾಮ್‌ರಿಷ್ ಈ ಚಿತ್ರಗಳ ಕುರಿತು 1936ರಲ್ಲಿ ಲೇಖನ ಬರೆದರು. ಆದರೆ ಬರಹದಿಂದ ಬಣ್ಣ ಉಳಿಯದು. ಅದಕ್ಕೆ ಪ್ರತಿ ಬೇಕು. ಆ ಶ್ರಮ ಎಂಥದೆಂದು ಅಜಂತಾದ ಕಥೆ ಹೇಳುತ್ತದೆ. ಅಲ್ಲಿ ರಾಬರ್ಟ್ ಗಿಲ್ ವರ್ಷಗಟ್ಟಲೆ ಕುಳಿತು ಬರೆದ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಬೆಂಕಿಗೆ ಆಹುತಿಯಾದವು. ನಂತರ ಜಾನ್ ಗ್ರಿಫಿತ್ಸ್ ಮಾಡಿಸಿದವುಗಳಲ್ಲೂ ಹಲವು 1885ರಲ್ಲಿ ಸುಟ್ಟುಹೋದವು.

ಮೂರನೆಯ ಸಲ ಈ ಕೆಲಸಕ್ಕೆ ನಿಂತವರು ಐವತ್ತು ದಾಟಿದ ಮಹಿಳೆ, ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್. ಇಂಗ್ಲೆಂಡಿನಲ್ಲಿ ಹೆಂಗಸರ ಮತದಾನದ ಹಕ್ಕಿನ ಪರ ನಿಂತಿದ್ದ ಚಿತ್ರಕಲಾವಿದೆ. 1909ರಿಂದ 1911ರ ನಡುವೆ ಅವರ ತಂಡದಲ್ಲಿ ನಂದಲಾಲ್ ಬೋಸರ ಜೊತೆಗೆ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರೆಂಬುದು ಎಷ್ಟು ಜನ ಕನ್ನಡಿಗರಿಗೆ ಗೊತ್ತು? ಅರೆಗತ್ತಲು, ಬಾವಲಿಗಳು, ಇವುಗಳ ನಡುವೆಯೇ ಕೆಲಸ. ಆ ಪ್ರತಿಗಳು 1915ರಲ್ಲಿ ಪುಸ್ತಕವಾಗಿ ಬಂದವು. ಅಷ್ಟು ಹೊತ್ತಿಗೆ ಹೆರಿಂಗ್‌ಹ್ಯಾಮ್ ಮನೋರೋಗಕ್ಕೆ ತುತ್ತಾಗಿದ್ದರು. 1929ರಲ್ಲಿ ತೀರಿಕೊಳ್ಳುವವರೆಗೂ ಚೇತರಿಸಿಕೊಳ್ಳಲಿಲ್ಲ. ಬಹುಕಾಲ ಮರೆತುಹೋಗಿದ್ದ ಈಕೆಯ ಜೀವನವನ್ನು ಕಾಗದಪತ್ರಗಳಿಂದ ಹುಡುಕಿ ತೆಗೆದವರು ಅಮೆರಿಕದ ಮಿಸೂರಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಮೇರಿ ಲಾಗೋ. ಅವರ ಗ್ರಂಥ 1996ರಲ್ಲಿ ಪ್ರಕಟವಾಯಿತು.

ಚಿತ್ರ ಉಳಿಸಲು ಹೋಗಿ ಕೆಡಿಸಿದ್ದೂ ಉಂಟು. ಅಜಂತಾದ ಗೋಡೆಗಳಿಗೆ ಹಿಂದಿನವರು ಬಳಿದ ವಾರ್ನಿಷ್ ಮತ್ತು ಅರಗು ಕಾಲ ಕಳೆದಂತೆ ಹಳದಿಗಟ್ಟಿ, ಮೂಲ ಬಣ್ಣವನ್ನೇ ಮುಚ್ಚಿತು. ಅದನ್ನು ತೆಗೆಯುವುದೇ ಆಮೇಲೆ ದೊಡ್ಡ ಕೆಲಸವಾಯಿತು. ಸದುದ್ದೇಶ ಒಂದಿದ್ದರೆ ಸಾಲದು, ರಸಾಯನಶಾಸ್ತ್ರವೂ ಗೊತ್ತಿರಬೇಕು.

ಬಾದಾಮಿ ರೈಲು ನಿಲ್ದಾಣ ಊರಿಂದ ಸುಮಾರು ಐದು ಕಿಲೋಮೀಟರ್ ದೂರದಲ್ಲಿದೆ. ಹುಬ್ಬಳ್ಳಿ, ಬಾಗಲಕೋಟೆಗಳಿಂದ ಬಸ್ಸುಗಳಿವೆ. ಮೂರನೇ ಗುಹೆಯ ಸೂರಿನ ಕೆಳಗೆ ಎರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ನೆರಳಿಗೆ ಹೊಂದಿಕೊಂಡು, ಮೊದಲು ಕಾಣದಿದ್ದ ಕೆಂಪು ಕಾಣತೊಡಗುತ್ತದೆ. ದುರ್ಬೀನು ಇದ್ದರೆ ಒಳ್ಳೆಯದು. ಫ್ಲಾಷ್ ಬೇಡ, ಕಂಬ ಮುಟ್ಟುವುದೂ ಬೇಡ.