ಶ್ರದ್ಧೆಯಿಂದ ಅವಧಾನಕ್ಕೆ

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಪುಟಕ್ಕಾಗಿ ಷಟ್‌ಸ್ಥಲವನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದ್ದಾರೆ. ಶಾಸ್ತ್ರವಿಷಯವನ್ನು ಸಾಧಾರವಾಗಿ ವಿಸ್ತರಿಸಬಲ್ಲ ವಿದ್ವಾಂಸರು ನಮ್ಮ ಮಠದ ಬಳಗದಲ್ಲಿ ಅನೇಕರಿದ್ದಾರೆ. ಆದುದರಿಂದ ಆ ಕಾರ್ಯವನ್ನು ಅವರಿಗೆ ಬಿಟ್ಟು, ಆರು ಸ್ಥಲಗಳಲ್ಲಿ ಎರಡರ ಅರ್ಥವು ನನ್ನ ಬಾಳಿನಲ್ಲಿ ತೆರೆದುಕೊಂಡ ಬಗೆಯನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ.

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಬಗೆಯ ಭಕ್ತಿಯನ್ನು ಹಿರಿಯರು ಹೇಳಿದ್ದಾರೆ. ‘ಶ್ರತ್’ ಎಂದರೆ ಸತ್ಯ, ‘ಧಾ’ ಎಂದರೆ ಇಡು; ಸತ್ಯದಲ್ಲಿ ಮನಸ್ಸನ್ನಿಡುವುದೇ ಶ್ರದ್ಧೆ. ಅವಧಾನವೆಂದರೆ ಎಚ್ಚರ; ಕೈಗೆ ಬಂದುದನ್ನು ಮೈಮರೆಯದೆ ಸ್ವೀಕರಿಸುವ ಜಾಗೃತಿ. ಇದು ಪ್ರಸಾದಿಯ ಲಕ್ಷಣ. ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ವಿವರಿಸುವುದು ಸುಲಭ. ಮೊದಲನೆಯದು ಮೂರನೆಯದಾಗಿ ಪಕ್ವವಾಗುವ ದಾರಿ ಎಂಥದೆಂಬುದನ್ನು ನಾನು ಕಂಡದ್ದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ.

2003ರ ಶ್ರಾವಣದ ಹೊತ್ತಿಗೆ, ಆಗತಾನೇ ನಾಲ್ಕು ವರ್ಷ ತುಂಬಿದ್ದ ನಮ್ಮ ಮಗಳು ಆಟವನ್ನು ಬಿಟ್ಟು ಮಲಗತೊಡಗಿದಳು. ಬಿಟ್ಟು ಬಿಟ್ಟು ಬರುವ ಜ್ವರ, ಕಾಲೆಲುಬಿನ ನೋವು, ಪೆಟ್ಟು ತಾಗದಿದ್ದರೂ ಮೈಮೇಲೆ ಕಾಣುವ ನೀಲಿಯ ಕಲೆಗಳು. ಊರಿನ ವೈದ್ಯರು ರಕ್ತವನ್ನು ಪರೀಕ್ಷಿಸಿ, ಆ ರಾತ್ರಿಯ ರೈಲಿಗೇ ಬೆಂಗಳೂರಿಗೆ ಹೊರಡಬೇಕೆಂದರು. ಅಲ್ಲಿ ಎಲುಬಿನ ಮಜ್ಜೆಯನ್ನು ತೆಗೆದು ನೋಡಿ, ಇದು ರಕ್ತದ ಕ್ಯಾನ್ಸರ್ ಎಂದು ಹೇಳಿದರು. ಮಜ್ಜೆಯಲ್ಲಿ ಬಿಳಿಯ ರಕ್ತಕಣಗಳು ಬಲಿಯದೆಯೇ ಮಿತಿಮೀರಿ ಹೆಚ್ಚಿ, ಕೆಂಪು ಕಣಗಳಿಗೂ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳಿಗೂ ಎಡೆಯಿಲ್ಲದಂತೆ ಮಾಡುವ ವ್ಯಾಧಿಯಿದು. ಚಿಕಿತ್ಸೆಯ ಅವಧಿ ಎರಡೂವರೆ ವರ್ಷ. “ಮಗು ಉಳಿಯುವುದೇ?” ಎಂದು ನನ್ನ ಮನೆಯವರು ಕೇಳಿದರು. “ಬಹಳ ಮಕ್ಕಳು ಗುಣವಾಗುತ್ತಾರಮ್ಮ. ನಿಮ್ಮ ಮಗು ಅವರಲ್ಲಿ ಒಂದೆಂದು ಇಂದು ಹೇಳಲಾರೆ” ಎಂದು ವೈದ್ಯರು ಇದ್ದುದನ್ನು ಇದ್ದಂತೆ ನುಡಿದರು.

ಸುದ್ದಿ ತಿಳಿದ ಬಂಧುಗಳು ಒಬ್ಬೊಬ್ಬರಾಗಿ ಬಂದರು. ಯಾವ ಜನ್ಮದ ಕರ್ಮವೋ ಎಂದರು ಕೆಲವರು. ಗ್ರಹಗತಿಯನ್ನು ತೋರಿಸಿರೆಂದರು ಕೆಲವರು. ತಂದೆತಾಯಿಗಳ ನಡೆನುಡಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ, ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲವೆಂದು ವೈದ್ಯರು ಹೇಳಿದ್ದರು. ಆ ಮಾತು ನಮಗೆ ದೊಡ್ಡ ಆಧಾರವಾಯಿತು.

ನಮ್ಮ ಅವ್ವ ಊರಿನ ದ್ಯಾಮವ್ವನಿಗೆ ಹರಕೆ ಹೊತ್ತಳು. ನಾನು ಏಕದೇವನಿಷ್ಠೆಯನ್ನು ಬೋಧಿಸುವ ಮಠದ ಶಾಲೆಯ ಪಂಡಿತ. “ಅವ್ವಾ, ನಮ್ಮ ಕೊರಳಲ್ಲಿ ಲಿಂಗವಿದೆಯಲ್ಲ” ಎಂದೆ. “ನಿನ್ನ ಲಿಂಗಯ್ಯ ನನಗೂ ದೇವರೇ ತಮ್ಮಾ. ಆದರೆ ಈ ಮುದುಕಿಗೆ ಮತ್ತೇನು ಮಾಡಲು ಬರುತ್ತದೆ, ಹೇಳು” ಎಂದಳು. ಹಳಗನ್ನಡದ ‘ಪರಕೆ’ಯೇ ಇಂದಿನ ಹರಕೆ, ‘ಪರಸು’ ಎಂದರೆ ಹರಸು. ಈ ಪದದ ಮೂಲಾರ್ಥ ಆಶೀರ್ವಾದವೇ ಹೊರತು ದೇವರೊಡನೆ ಮಾಡಿಕೊಳ್ಳುವ ಕರಾರಲ್ಲ. ಅವ್ವನ ಬಾಯಿಂದ ಬಂದುದನ್ನು ನಾನು ಆ ಮೂಲಾರ್ಥದಲ್ಲಿಯೇ ಕೇಳಿದೆ, ಮರುಮಾತಾಡಲಿಲ್ಲ.

ಪೂಜ್ಯ ಶ್ರೀಗಳವರ ದರ್ಶನಕ್ಕೆ ಹೋದಾಗ ಅವರು ಮಗುವಿನ ಹಣೆಗೆ ವಿಭೂತಿಯನ್ನು ಧರಿಸಿ, “ಔಷಧದ ಹೊತ್ತು ತಪ್ಪಿಸಬೇಡಿರಿ. ಈಗ ನಿಮಗೆ ಅದೇ ಪೂಜೆಯ ಹೊತ್ತು” ಎಂದು ಅಪ್ಪಣೆ ಕೊಡಿಸಿದರು. ಆ ಮಾತಿನ ಗುರುತ್ವ ನನಗೆ ದಿನಕಳೆದಂತೆ ತಿಳಿಯುತ್ತಾ ಬಂದಿತು.

ವಾರಕ್ಕೊಮ್ಮೆ ಮಗುವಿನ ನರಕ್ಕೆ ಕೊಡುತ್ತಿದ್ದ ಔಷಧಕ್ಕೆ ವಿನ್‌ಕ್ರಿಸ್ಟೀನ್ ಎಂದು ಹೆಸರು. ಅದು ಯಾವುದರಿಂದ ಬರುತ್ತದೆಂದು ವಿಚಾರಿಸಿದಾಗ ನನಗೆ ಪರಮಾಶ್ಚರ್ಯವಾಯಿತು. ನಿತ್ಯಪುಷ್ಪವೆಂದೂ ಕಾಶಿಕಣಗಿಲೆಯೆಂದೂ ಕರೆದು ನಾವು ದಿನವೂ ಪೂಜೆಗೆ ಬಿಡಿಸುವ ಹೂವಿನ ಗಿಡವೇ ಅದರ ಮೂಲ. ಮಡಗಾಸ್ಕರ್ ದ್ವೀಪದಿಂದ ಬಂದು ನಮ್ಮ ಅಂಗಳಗಳಲ್ಲಿ ನೆಲೆಸಿದ ಗಿಡವಿದು. ಹಸಿಯಾಗಿ ತಿಂದರೆ ವಿಷ. ರಾಶಿ ರಾಶಿ ಎಲೆಗಳನ್ನು ಶೋಧಿಸಿ ತೆಗೆದ ಎಳ್ಳಷ್ಟು ಸಾರವನ್ನು ಅಳೆದು ತೂಗಿ ಕೊಟ್ಟಾಗ ಮದ್ದು. ಸಾವಿರ ಬಾರಿ ಕೈಯಿಂದ ಮುಟ್ಟಿದ ಹೂವಿನಲ್ಲಿ ಇಂಥದೊಂದು ಅಡಗಿದೆಯೆಂಬುದು ಪೂಜಿಸಿದವರಿಗೆ ಗೋಚರವಾಗಲಿಲ್ಲ, ಶೋಧಿಸಿದವರಿಗೆ ಗೋಚರವಾಯಿತು. ಶೋಧನೆಯೂ ಒಂದು ಕಾಯಕ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದುದನ್ನು, ವೈದ್ಯವೇ ಆತನ ಕಾಯಕವಾಗಿದ್ದುದನ್ನು ಇಲ್ಲಿ ನೆನೆಯಬೇಕು.

ಇನ್ನು ಅತ್ಯಂತ ಕಠಿನವಾದ ಪ್ರಸಂಗ. ನಮ್ಮ ಮಗಳ ಪಕ್ಕದ ಹಾಸಿಗೆಯಲ್ಲಿ ಅದೇ ವಯಸ್ಸಿನ ಗಂಡುಮಗುವೊಂದಿತ್ತು. ತಂದೆ ಕೂಲಿಯವನು. ತಾಯಿ ಹಗಲಿರುಳೂ ಶಿವನಾಮವನ್ನು ಬಿಡದವಳು. ರೋಗವೂ ಅದೇ, ವೈದ್ಯರೂ ಅವರೇ. ದೀಪಾವಳಿಯ ಅಮಾವಾಸ್ಯೆಯ ಹಿಂದಿನ ರಾತ್ರಿ ಆ ಮಗು ತೀರಿಕೊಂಡಿತು. ನಮ್ಮ ಮಗುವಿನ ಮಜ್ಜೆ ಅಷ್ಟರೊಳಗೆ ಶುದ್ಧವಾಗಿತ್ತು. ಆ ತಾಯಿ ಹೊರಡುವಾಗ ನನ್ನ ಮನೆಯವರ ಕೈಹಿಡಿದು, “ಅಕ್ಕಾ, ನಿನ್ನ ಕೂಸನ್ನು ಜೋಪಾನ ಮಾಡು” ಎಂದಳು.

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಚಂದ್ರಮತಿಯ ಪ್ರಲಾಪವನ್ನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಹಾವು ಕಚ್ಚಿ ಮಡಿದ ಮಗನನ್ನು ಹುಡುಕಿಕೊಂಡು, ಒಡೆಯನ ಮನೆಯ ಕೆಲಸವನ್ನೆಲ್ಲ ಮುಗಿಸಿ ಕತ್ತಲಲ್ಲಿ ಕಾಡಿಗೆ ನಡೆಯುವ ತಾಯಿ ಆಕೆ. ಕಾವ್ಯದ ಕೊನೆಯಲ್ಲಿ ಲೋಹಿತಾಶ್ವನು ಏಳುತ್ತಾನೆ. ಸಿರಿಯಾಳಸೆಟ್ಟಿಯ ಕಥೆಯಲ್ಲಿಯೂ ತಂದೆತಾಯಿ ಕರೆದಾಗ ಮಗನು ಓಡಿಬರುತ್ತಾನೆ. ಕರೆದರೂ ಬಾರದ ಮಗುವಿನ ತಾಯಿಗೆ ನಮ್ಮ ಕಾವ್ಯ ಪುರಾಣಗಳು ಏನನ್ನು ಹೇಳುತ್ತವೆ? ಆಕೆಯ ಭಕ್ತಿ ನಮ್ಮದಕ್ಕಿಂತ ಒಂದು ಗುಂಜಿಯಾದರೂ ಕಡಮೆಯಿತ್ತೇ?

ಈ ಪ್ರಶ್ನೆಯನ್ನು ನಾನು ಬಹುಕಾಲ ಮನಸ್ಸಿನಲ್ಲಿ ಹೊತ್ತಿದ್ದೇನೆ. ನನಗೆ ದೊರೆತ ಸಮಾಧಾನ ಇಷ್ಟು: ಲೋಹಿತಾಶ್ವನು ಎದ್ದುದು ಕಾವ್ಯದ ಮಂಗಳ. ಹರಿಶ್ಚಂದ್ರನು ಸತ್ಯದಲ್ಲಿ ನಿಂತದ್ದು ಅದಕ್ಕೂ ಮೊದಲು, ಮಗನು ಏಳುವನೆಂಬ ಸುಳಿವೇ ಇಲ್ಲದ ಸ್ಮಶಾನದಲ್ಲಿ. ಫಲದಿಂದ ಶ್ರದ್ಧೆಯನ್ನು ಅಳೆಯುವುದಾದರೆ ಮಗುವನ್ನು ಕಳೆದುಕೊಂಡವರ ಮೇಲೆ ಎರಡನೆಯ ಹೊರೆಯನ್ನು ಹೊರಿಸಿದಂತಾಗುತ್ತದೆ. ಆದಕಾರಣ “ನಿಮ್ಮ ಭಕ್ತಿಯೇ ಮಗುವನ್ನು ಉಳಿಸಿತು” ಎಂದು ಯಾರಾದರೂ ಹೇಳಿದಾಗ ನಾನು ಕೈಮುಗಿದು ಸುಮ್ಮನಾಗುತ್ತೇನೆ, ಒಪ್ಪಿಕೊಳ್ಳುವುದಿಲ್ಲ.

ಹಾಗಾದರೆ ಶ್ರದ್ಧೆ ಮಾಡಿದ್ದೇನು? ಅದು ನಮ್ಮನ್ನು ಎಚ್ಚರವಾಗಿರಿಸಿತು. ಚಿಕಿತ್ಸೆಯ ಕೊನೆಯ ಘಟ್ಟವೆಲ್ಲ ಮನೆಯಲ್ಲಿಯೇ. ರಾತ್ರಿಯ ಗುಳಿಗೆಯನ್ನು ಹಾಲಿನೊಡನೆ ಕೊಡಬಾರದು; ಕುದಿಸಿ ಆರಿಸಿದ ನೀರನ್ನೇ ಕುಡಿಸಬೇಕು; ಹೊರಗಿನಿಂದ ಬಂದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮಗುವಿಗೆ ತಿನ್ನಿಸದೆ ಬದಿಗಿರಿಸಬೇಕು; ಮೈ ಬೆಚ್ಚಗಾದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ನನ್ನ ಮನೆಯವರು ಇವನ್ನೆಲ್ಲ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ದಿನಾಂಕದೊಂದಿಗೆ ಗುರುತು ಹಾಕುತ್ತಿದ್ದರು. ಎರಡೂವರೆ ವರ್ಷಗಳಲ್ಲಿ ಒಂದು ಮನೆಯೂ ಖಾಲಿ ಬಿದ್ದಿಲ್ಲ. ಬೆಳಗಿನ ಹೊತ್ತು ಎಡದ ಅಂಗೈಯ ಇಷ್ಟಲಿಂಗವನ್ನು ನೋಡುವ ದೃಷ್ಟಿಯಲ್ಲಿಯೇ ಅವರು ಉಷ್ಣಮಾಪಕವನ್ನು ನೋಡುತ್ತಿದ್ದುದನ್ನು ಕಂಡಾಗ, ಅವಧಾನ ಭಕ್ತಿಗೆ ಬೇರೆ ಭಾಷ್ಯವು ನನಗೆ ಬೇಕಾಗಲಿಲ್ಲ.

ಪ್ರಸಾದವೆಂಬುದರ ಅರ್ಥವೂ ಆಗ ಬೆಳೆಯಿತು. ಅಮೆರಿಕೆಯ ಬೋಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು 1948ರಲ್ಲಿ ಈ ರೋಗದ 16 ಮಕ್ಕಳಿಗೆ ಹೊಸದೊಂದು ಔಷಧ ಕೊಟ್ಟ ವೃತ್ತಾಂತವನ್ನು ಪ್ರಕಟಿಸಿದರು. 10 ಮಕ್ಕಳು ಚೇತರಿಸಿಕೊಂಡರು. ಆದರೆ ಆ ಚೇತರಿಕೆ ತಾತ್ಕಾಲಿಕವಾಗಿತ್ತು. ಆ ಬಗೆಯ ಔಷಧಗಳ ಸಂಶೋಧನೆಯ ಹಿಂದೆ ಆಂಧ್ರದ ಭೀಮವರದಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಶ್ರಮವಿತ್ತು. ಇಬ್ಬರು ಸೋದರರನ್ನು ವ್ಯಾಧಿಗೆ ಕಳೆದುಕೊಂಡಿದ್ದವರು ಅವರು. ಇಂದು ಸುಸಜ್ಜಿತ ಚಿಕಿತ್ಸೆ ದೊರೆಯುವ ದೇಶಗಳಲ್ಲಿ ಹತ್ತರಲ್ಲಿ ಸುಮಾರು 9 ಮಕ್ಕಳು ಉಳಿಯುತ್ತಾರೆ. ಅಂದು ಹೊಸ ಔಷಧಕ್ಕೆ ತಮ್ಮ ಕಂದಮ್ಮಗಳನ್ನು ಒಪ್ಪಿಸಿದ ತಂದೆತಾಯಿಗಳಿಗೆ ಫಲ ದೊರೆಯಲಿಲ್ಲ. ಅವರು ಕಾಣದ ನಮಗೆ ದೊರೆಯಿತು. ನಮ್ಮ ಮಗಳ ಆಯುಷ್ಯವನ್ನು ನಾನು ಪ್ರಸಾದವೆಂದು ಕರೆಯುವುದು ಈ ಕಾರಣದಿಂದ.

ಪ್ರಸಾದವನ್ನು ಪಡೆದವನು ದಾಸೋಹಕ್ಕೆ ಬಾಧ್ಯನು. ಸಂಗ್ರಹಿಸಿದ ಪ್ಲೇಟ್‌ಲೆಟ್ ಸುಮಾರು 5 ದಿನಗಳಿಗಿಂತ ಹೆಚ್ಚು ಬಾಳುವುದಿಲ್ಲ. ಬೇಕಾದಾಗ ಬೇಕಾದವರೇ ಬಂದು ಕೊಡಬೇಕು. ಆ ದಿನಗಳಲ್ಲಿ ನಮ್ಮ ಶಾಲೆಯಲ್ಲಿ ಓದಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಹುಡುಗರು ಸರದಿಯಂತೆ ಬಂದರು. “ಗುರುಗಳೇ, ಪದ್ಯ ಬಾಯಿಪಾಠ ಒಪ್ಪಿಸದೆ ತಪ್ಪಿಸಿಕೊಂಡವನು ನಾನು. ಆ ಬಾಕಿಯನ್ನು ಇಂದು ತೀರಿಸುತ್ತೇನೆ” ಎಂದು ಒಬ್ಬನು ತೋಳು ಚಾಚಿದನು. ಯಾರ ರಕ್ತ ಯಾವ ಕುಲದ್ದೆಂದು ಅಲ್ಲಿ ಯಾರೂ ಕೇಳಲಿಲ್ಲ.

ಮಗಳು ಈಗ ಬೇರೊಂದು ಊರಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಈ ಸಂಪುಟವನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ವಿಜ್ಞಾಪನೆಯಿದೆ. ಶಾಲೆಗೆ ಕಟ್ಟಡ, ಪುಸ್ತಕಗಳನ್ನು ನೀವು ಉದಾರವಾಗಿ ಕೊಡುತ್ತ ಬಂದಿದ್ದೀರಿ. ವರ್ಷಕ್ಕೊಮ್ಮೆಯಾದರೂ ರಕ್ತವನ್ನೂ ಕೊಡಿರಿ. ರೋಗಪೀಡಿತ ಮಗುವಿನ ಮನೆಗೆ ಹೋದಾಗ ಕರ್ಮದ ಮಾತನ್ನು ಬಿಟ್ಟು, ಅಡುಗೆಯನ್ನೋ ರೈಲಿನ ಚೀಟಿಯನ್ನೋ ಒಯ್ಯಿರಿ. ಮಗುವನ್ನು ಕಳೆದುಕೊಂಡವರ ಮನೆಗೆ, ಎಲ್ಲರೂ ಹೋಗಿ ಬಂದ ಮೇಲೆಯೂ, ಮತ್ತೊಮ್ಮೆ ಹೋಗಿರಿ. ಅವರ ಶ್ರದ್ಧೆ ಸೋತಿಲ್ಲವೆಂಬುದನ್ನು ಅವರಿಗೆ ತಿಳಿಸಬೇಕಾದವರು ನಾವು.